ತೂಕಕ್ಕೆ ಕೊಂಡು ಹೆಸರಿಗೆ ಮಾರುವವರು

ಹಳೇ ಕಾರ್ಬೊರೇಟರ್ ವ್ಯಾಪಾರಿ ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಗ್ಯಾರೇಜು, ಗುಜರಿ ಅಂಗಡಿಗಳ ಆಸುಪಾಸಿನಲ್ಲಿ ಕಾಣಸಿಗುವ ವ್ಯಕ್ತಿ. ಒಂದು ಕಾಲದಲ್ಲಿ ಮೆಕ್ಯಾನಿಕ್ ಆಗಿದ್ದವನು. ವಯಸ್ಸು ಐವತ್ತು ದಾಟಿರುತ್ತದೆ, ಉಗುರಿನ ಸಂದಿಯ ಕಪ್ಪು ಮದುವೆ ಮನೆಗೆ ಹೋಗುವಾಗಲೂ ಹೋಗಿರುವುದಿಲ್ಲ. ಅಂಗಡಿಗೆ ಬೋರ್ಡ್ ಇರುವುದಿಲ್ಲ. ಇದ್ದರೆ ಅದರ ಮೇಲೆ ಪಂಕ್ಚರ್ ಎಂದಿರುತ್ತದೆ, ಪಂಕ್ಚರ್ ಹಾಕುವುದಿಲ್ಲ. ಗುಜರಿಯವನ ಅಲ್ಯುಮಿನಿಯಂ ರಾಶಿಯಿಂದ ಕೆ.ಜಿ. ಲೆಕ್ಕದಲ್ಲಿ ಎತ್ತಿಕೊಂಡು ಬಂದದ್ದನ್ನು ಮನೆತನದ ಹೆಸರು ಹೇಳಿ ಮಾರುವುದು ಈತನ ಕಸುಬು. ನಡುವೆ ಇರುವ ಲಾಭವೆಲ್ಲ ಆ ಹೆಸರಿನದು.

ಪೆಟ್ರೋಲಿಗೆ ಗಾಳಿಯನ್ನು ಹದವಾಗಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗವೇ ಕಾರ್ಬೊರೇಟರ್. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800ರಲ್ಲೂ ಅದೇ ಇತ್ತು. 2000ದ ಸುಮಾರಿಗೆ ಎಂ.ಪಿ.ಎಫ್.ಐ. ಎಂಬ ಇಂಧನ ಇಂಜೆಕ್ಷನ್ ವ್ಯವಸ್ಥೆ ಬಂದು ಆ ಕೆಲಸವನ್ನು ಕಂಪ್ಯೂಟರಿಗೆ ವಹಿಸಿತು. ವ್ಯಾಪಾರಿಯ ಪ್ರಕಾರ ಮೋಟಾರು ವಾಹನದ ಇತಿಹಾಸ ಅಲ್ಲಿಗೆ ಮುಗಿಯಿತು. ಆಮೇಲೆ ಬಂದ ಕಾರುಗಳನ್ನು ಈತ ಕಾರೆನ್ನುವುದಿಲ್ಲ, ‘ಮೊಬೈಲು’ ಎನ್ನುತ್ತಾನೆ. ಈತನ ಲೋಕದಲ್ಲಿ ಓಡುವುದು ಹಳೇ ಸಣ್ಣ ಕಾರುಗಳು: ಫಿಯೆಟ್ 1100, ಅದೇ ವಂಶದ ಪ್ರೀಮಿಯರ್ ಪದ್ಮಿನಿ, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್, ಮಾರಿಸ್ ಮೈನರ್ ಮತ್ತು ಅಂಬಾಸಿಡರ್. ಅಂಬಾಸಿಡರ್ ಸಣ್ಣ ಕಾರು ಹೇಗಾದೀತು ಎಂದು ಕೇಳಿದರೆ, ಒಳಗೆ ಒಂಬತ್ತು ಜನ ಕೂತರೂ ಇಂಜಿನ್ 1489 ಸಿ.ಸಿ.ಯೇ ತಾನೇ ಎಂಬ ಉತ್ತರ ಸಿದ್ಧವಾಗಿದೆ.

ಗುರುತು ಹಿಡಿಯುವ ವಿದ್ಯೆಯಲ್ಲಿ ಈತ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯ ದಲ್ಲಾಳಿಗೆ ಸರಿಸಮ. ಅಲ್ಲಿ ಎತ್ತಿನ ಸುಳಿ ನೋಡಿ, ಬಾಯಿ ತೆರೆಸಿ ಹಲ್ಲು ಎಣಿಸಿದ ಮೇಲೆ ಮಾತು. ಇಲ್ಲಿ ಸುಳಿಯ ಜಾಗದಲ್ಲಿ ಎರಕದಲ್ಲೇ ಮೂಡಿದ ಅಚ್ಚಿದೆ. ಸೋಲೆಕ್ಸ್ ಮೂಲತಃ ಫ್ರಾನ್ಸಿನದು, ವೆಬರ್ ಇಟಲಿಯದು, ಮಾರುತಿಯ ಮಿಕುನಿ ಜಪಾನಿನದು. ನೆತ್ತಿಯ ಮೇಲೆ ಗಂಟೆ ಬೋರಲು ಹಾಕಿದಂತಿದ್ದರೆ ಅದು ಬ್ರಿಟನ್ನಿನ ಎಸ್.ಯು., ಅದಕ್ಕೆ ಹೆಸರು ಓದುವ ಅಗತ್ಯವೇ ಇಲ್ಲ. ಹೆಸರಿನ ಪಕ್ಕದ 32 ಎಂಬ ಅಂಕಿ ಬಾಯಿಯ ಅಗಲ, ಮಿಲಿಮೀಟರಿನಲ್ಲಿ. ಒಳಗಿನ ಹಿತ್ತಾಳೆ ಜೆಟ್ಟಿನ ಮೇಲೆ 120 ಎಂದಿದ್ದರೆ ತೂತು 1.20 ಮಿ.ಮೀ. ಎಂದರ್ಥ. ಹಿಂದೆ ಯಾವನೋ ಮೆಕ್ಯಾನಿಕ್ ಕಸ ತೆಗೆಯಲು ತಂತಿ ತೂರಿಸಿ ತೂತನ್ನು ಹಿಗ್ಗಿಸಿದ್ದರೆ ಅಂಕಿ ಮಾತ್ರ ನಿಜ, ತೂತು ಸುಳ್ಳು. ಇದನ್ನು ವ್ಯಾಪಾರಿ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದ ಮಾತ್ರಕ್ಕೆ ಹೇಳಿಬಿಡುತ್ತಾನೆ.

ಆಮೇಲೆ ಆರೋಗ್ಯ ತಪಾಸಣೆ. ಮುಚ್ಚಳ ಬಿಚ್ಚಿ, ಹಿತ್ತಾಳೆ ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಒಳಗೆ ಪೆಟ್ರೋಲ್ ಕುಲುಕಿದರೆ ತೂತಾಗಿದೆ ಎಂದು ಲೆಕ್ಕ. ತೂತು ಎಲ್ಲಿದೆಯೆಂದು ತಿಳಿಯಲು ಬಿಸಿನೀರಿನಲ್ಲಿ ಮುಳುಗಿಸಬೇಕು. ಒಳಗಿನ ಗಾಳಿ ಹಿಗ್ಗಿ, ತೂತಿರುವಲ್ಲಿ ಗುಳ್ಳೆ ಏಳುತ್ತದೆ. ಈ ಬಿಸಿನೀರು ಪಕ್ಕದ ಟೀ ಅಂಗಡಿಯಿಂದ ಬರುತ್ತದೆ. ಆ ಲೋಟ ಮತ್ತೆ ಟೀ ಅಂಗಡಿಗೇ ಹೋಗುತ್ತದೆಯೇ ಎಂಬುದನ್ನು ಗಿರಾಕಿ ವಿಚಾರಿಸದಿರುವುದು ಒಳ್ಳೆಯದು. ಬುಡದ ಫ್ಲ್ಯಾಂಜನ್ನು ಕಿಟಕಿ ಗಾಜಿನ ಚೂರಿನ ಮೇಲೆ ಕೂರಿಸಿ, ಅಡಿಗೆ ಬಸ್ ಟಿಕೆಟ್ ತೂರಿಸಿ ನೋಡುತ್ತಾನೆ. ಟಿಕೆಟ್ ಸಲೀಸಾಗಿ ಒಳಗೆ ಹೋದರೆ ಲೋಹ ಸೊಟ್ಟಗಾಗಿದೆ, ಅಲ್ಲಿಂದ ಗಾಳಿ ಎಳೆಯುತ್ತದೆ. ಕೊನೆಗೆ ಥ್ರಾಟಲ್ ಶಾಫ್ಟನ್ನು ಹಿಡಿದು ಅತ್ತಿತ್ತ ಆಡಿಸುವುದು. ಅದು ಸವೆದು ಗಡಗಡ ಎಂದರೆ ಐಡ್ಲಿಂಗ್ ಎಂದೂ ಹದದಲ್ಲಿ ನಿಲ್ಲುವುದಿಲ್ಲ, ಎಷ್ಟು ಸ್ಕ್ರೂ ತಿರುಗಿಸಿದರೂ ಗಾಡಿ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಆಫ್.

ಇಷ್ಟನ್ನೂ ಗಿರಾಕಿಯ ಎದುರಿಗೇ ಮಾಡಿ, ದೋಷಗಳನ್ನು ಒಂದೂ ಬಿಡದೆ ತಾನೇ ಹೇಳುತ್ತಾನೆ. ಇದು ಈತನ ದೊಡ್ಡತನ. ಹೇಳಿ ಮುಗಿಸಿದ ಮೇಲೆ ದೋಷವಿಲ್ಲದ ಮಾಲಿನ ಬೆಲೆ ಹೇಳುತ್ತಾನೆ.

“ಶಾಫ್ಟ್ ಹೋಗಿದೆ ಅಂತ ನೀವೇ ಅಂದ್ರಲ್ಲಣ್ಣ?”

“ಹೋಗಿರೋದು ಒರಿಜಿನಲ್ ಶಾಫ್ಟು ಸಾರ್. ಡೂಪ್ಲಿಕೇಟ್ ಆಗಿದ್ರೆ ಇಷ್ಟು ವರ್ಷ ಇರ್ತಿತ್ತಾ?”

ಈ ತರ್ಕಕ್ಕೆ ಎದುರುತ್ತರ ಕೊಟ್ಟವರಿಲ್ಲ. ಜಾತ್ರೆಯಲ್ಲಿ ಟವಲ್ಲಿನಡಿ ಬೆರಳು ಹಿಡಿದು ಕುದುರಿಸುವ ವ್ಯವಹಾರ ಈಗ ವಾಟ್ಸ್ಯಾಪಿನಲ್ಲಿ ನಡೆಯುತ್ತದೆ. ಹಳೇ ಪತ್ರಿಕೆಯ ಮೇಲಿಟ್ಟು ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇರಿಸಿ ತೆಗೆದ ಫೋಟೊ ಬರುತ್ತದೆ. ಬೋಲ್ಟ್ ಕೂರಿಸುವ ಕಿವಿ ಮುರಿದಿದ್ದರೆ ಅದು ಯಾವಾಗಲೂ ಗೋಡೆಯ ಕಡೆಗೆ. ಬೆಳ್ಳಿ ಬಣ್ಣದ ಸ್ಪ್ರೇ ಹೊಡೆದಿದ್ದರೆ ಕೆಳಗೆ ಮುಚ್ಚಿಡುವಂಥದ್ದೇನೋ ಇದೆ ಎಂದು ತಿಳಿಯಬೇಕು. ಪಳಗಿದ ವ್ಯಾಪಾರಿ ಬಣ್ಣ ಹೊಡೆಯುವುದಿಲ್ಲ, ಸ್ವಲ್ಪ ಗ್ರೀಸ್ ಬಳಿದು ‘ಬಿಚ್ಚೇ ಇಲ್ಲ’ ಎನ್ನುತ್ತಾನೆ.

ಗಿರಾಕಿಗಳಲ್ಲಿ ಮದುವೆಗೆ ಗಾಡಿ ಬಾಡಿಗೆ ಕೊಡುವವರು, ಹಳೇ ಕಾಲದ ಕಥೆಗೆ ಕಾರು ಹೊಂದಿಸುವ ಸಿನಿಮಾದವರು ಇದ್ದಾರೆ. ಇವರು ಗಾಡಿ ಹತ್ತು ಅಡಿ ಉರುಳಿದರೆ ಸಾಕೆನ್ನುವವರು. ವ್ಯಾಪಾರಿ ಎದುರು ನೋಡುವುದು ದೇವನಹಳ್ಳಿ ಕಡೆಯ ಬಡಾವಣೆಯಿಂದ, ತಾತನ ಪದ್ಮಿನಿಗೆ ಮತ್ತೆ ಜೀವ ಕೊಡಲು ಹೊರಟ ಮೊಮ್ಮಗನನ್ನು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನಿಯಮ ತಂದಿತು: 50 ವರ್ಷ ದಾಟಿರಬೇಕು, ಮೂಲ ರೂಪ ಕೆಟ್ಟಿರಬಾರದು, ನಂಬರಿನಲ್ಲಿ ‘ವಿ.ಎ.’ ಅಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ. ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. ಮೊದಲ ವರ್ಷದ ಗಾಡಿಗಳು 2024ಕ್ಕೆ ಅರ್ಹತೆ ಪಡೆದವು. ನಿಯಮ ಹೇಳುವುದು ಚಾಸಿಸ್, ಬಾಡಿ, ಇಂಜಿನ್ ಮಾತು. ವ್ಯಾಪಾರಿ ಓದಿಕೊಳ್ಳುವುದು ಮಾತ್ರ, ಮೂಲ ಕಾರ್ಬೊರೇಟರ್ ಇಲ್ಲದಿದ್ದರೆ ಆರ್.ಟಿ.ಓ. ಗೇಟಿನಿಂದಲೇ ವಾಪಸ್ ಕಳಿಸುತ್ತಾನೆ ಎಂದು. ಮೊಮ್ಮಗ ಚೌಕಾಸಿ ಮಾಡುವುದಿಲ್ಲ. ತಾತ ಬದುಕಿದ್ದು ಜೊತೆಗೆ ಬಂದರೆ ಮಾತ್ರ ವ್ಯಾಪಾರಿಗೆ ಕಷ್ಟ. ಹೊಸ ಪದ್ಮಿನಿಯ ಬೆಲೆ ತಾತನಿಗೆ ಪೈಸೆಯೊಂದಿಗೆ ನೆನಪಿರುತ್ತದೆ.

ಮಾರಿದ ಮೇಲಿನ ಹೊಣೆಯ ಬಗ್ಗೆ ಈತನ ನಿಲುವು ಸ್ಪಷ್ಟ: ಕಾರ್ಬೊರೇಟರ್ ತಪ್ಪು ಮಾಡುವುದಿಲ್ಲ. ಮೊದಲು ದೋಷ ಪ್ಲಗ್ಗಿನದು, ನಂತರ ಕಾಯಿಲ್‌ನದು, ಆಮೇಲೆ ಬಿಚ್ಚಿದ ಮೆಕ್ಯಾನಿಕ್‌ನದು. ಈಚೆಗೆ ಎಲ್ಲಕ್ಕಿಂತ ಅನುಕೂಲವಾಗಿ ಒದಗಿರುವುದು ಎಥನಾಲ್. ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರುವರಿ 6ರಂದು, ನೆಲಮಂಗಲಕ್ಕೆ ಹೋಗುವ ತುಮಕೂರು ರಸ್ತೆಯ ಮಾದಾವರದ ವಸ್ತುಪ್ರದರ್ಶನ ಕೇಂದ್ರದಲ್ಲಿ. ಹಳೇ ರಬ್ಬರ್ ಡಯಾಫ್ರಾಮ್, ವಾಷರ್‌ಗಳಿಗೆ ಎಥನಾಲ್ ಒಗ್ಗದಿರುವುದು ನಿಜ. ಕಿವಿ ಮುರಿಯುವುದಕ್ಕೂ ಅದೇ ಕಾರಣ ಎಂಬುದು ವ್ಯಾಪಾರಿಯ ಸ್ವಂತ ಸಂಶೋಧನೆ.

ಗಿರಾಕಿ ಅಷ್ಟಕ್ಕೂ ಬಗ್ಗದಿದ್ದರೆ, ಕೊಟ್ಟ ದುಡ್ಡಿನ ಅರ್ಧಕ್ಕೆ ಮಾಲನ್ನು ವಾಪಸ್ ತೆಗೆದುಕೊಳ್ಳುತ್ತಾನೆ. ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಕಪಾಟಿನಲ್ಲಿಡುವಾಗ ಅದರ ಬೆಲೆ ಮೊದಲಿಗಿಂತ ಹೆಚ್ಚಿರುತ್ತದೆ, ಏಕೆಂದರೆ ಅದೀಗ ‘ಗಾಡಿಗೆ ಹಾಕಿ ಟೆಸ್ಟ್ ಮಾಡಿದ ಮಾಲು’.