ಅಶೋಕನ ಬ್ಯಾಕಪ್, ಅಧ್ಯಕ್ಷರ ಪೇಟ

ನಮ್ಮ ಸಂಘಕ್ಕೊಂದು ವೆಬ್‌ಸೈಟ್ ಇದೆಯೆಂದು ನನಗೆ ಗೊತ್ತಾದದ್ದೇ ಅದನ್ನು ಹೊಸದು ಮಾಡಲು ಸಭೆ ಕರೆದಾಗ. ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವುದು, ರಕ್ತ ಬೇಕಾದವರಿಗೆ ದಾನಿಗಳನ್ನು ಹುಡುಕಿಕೊಡುವುದು, ಇಷ್ಟೇ ನಮ್ಮ ಕಾರಭಾರ. ಗಂಗಾವತಿ, ಕುಷ್ಟಗಿ, ಯಲಬುರ್ಗಾದವರೆಲ್ಲ ಕೊಪ್ಪಳದ ಬಾಡಿಗೆ ಕೋಣೆಯಲ್ಲಿ ಸೇರಿ, ಮಂಡಕ್ಕಿ ಮಿರ್ಚಿ ನಡುವೆ ಜಾಗ ಮಾಡಿ ಲ್ಯಾಪ್‌ಟಾಪ್ ಇಟ್ಟೆವು.

ಮೊದಲು ಅಧ್ಯಕ್ಷರ ಪೇಟ ಇಳಿಯಿತು. ಒಂದು ಚಹಾ ಮುಗಿಯುವಷ್ಟರಲ್ಲಿ ಹಣೆ. ಮಿರ್ಚಿ ಎರಡನೇ ಸುತ್ತು ಬಂದಾಗ ಮೀಸೆ. ಸ್ಟುಡಿಯೋದವರು ಕೊಟ್ಟ ಫೋಟೊವನ್ನು ಕುಗ್ಗಿಸದೆ ಇದ್ದಂತೆಯೇ ಏರಿಸಿದ್ದರು. ಕೆಳಗೆ ವಾರ್ಷಿಕ ವರದಿ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡಿಗೆ ಬದಲಿಸದೆ ಅಂಟಿಸಿದ್ದರಿಂದ, ಕನ್ನಡ ಇರಬೇಕಾದಲ್ಲಿ ತಲೆಗೆ ಟೊಪ್ಪಿಗೆ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಮೆರವಣಿಗೆ.

"ಇದ್ಯಾವ ಭಾಷಿರೀ?" ಎಂದರು ಕುಷ್ಟಗಿಯ ಅಕ್ಕ.

"ಜಮಾಖರ್ಚು ಅಲ್ಲೇನ್ರೀ ಅಕ್ಕಾರ, ಎಲ್ಲಾರಿಗೂ ತಿಳೀಬಾರದು" ಎಂದರು ಖಜಾಂಚಿ.

ಮುಖಪುಟದಲ್ಲಿ ಯಾವ ಚಿತ್ರ ಎಂಬ ಮಾತು ಬಂದದ್ದೇ ತಡ, ಸಭೆಗೆ ಕಳೆ ಬಂತು. ಗಂಗಾವತಿಯವರಿಗೆ ಅಂಜನಾದ್ರಿ ಬೇಕು, ಮುಂದೆ ಭತ್ತದ ಗದ್ದೆಯೂ ಇರಬೇಕು. ಕುಷ್ಟಗಿಯವರಿಗೆ ಹೂಳೆತ್ತಿದ ನಿಡಶೇಸಿ ಕೆರೆ. ಯಲಬುರ್ಗಾದವರಿಗೆ 1112ರ ಇಟಗಿ ಮಹಾದೇವ ದೇವಾಲಯ. "ಇಟಗಿ ಈಗ ಕುಕನೂರು ತಾಲೂಕಿಗೆ ಹೋಗೇತಲ್ರೀ?" ಎಂದದ್ದಕ್ಕೆ, "ತಾಲೂಕು ಹೋದ್ರ ಏನಾತು, ಗುಡಿ ಏನು ಎದ್ದು ಹೋತೇನು?" ಎಂದು ಜೋರಾದರು. ಕಿನ್ನಾಳದ ಗೊಂಬೆ ಹಾಕಿದರೆ ಎಲ್ಲರಿಗೂ ಸಮಾಧಾನ ಎಂದು ನಾನು ಹೇಳಿದೆ. ಯಾರಿಗೂ ಸಮಾಧಾನ ಆಗಲಿಲ್ಲ. ಕೊನೆಗೆ ಎಲ್ಲವೂ ಒಂದಾದ ಮೇಲೊಂದು ತಿರುಗಲಿ ಎಂದು ಠರಾವಾಯಿತು. ಇದಕ್ಕೆ ಸ್ಲೈಡರ್ ಎನ್ನುತ್ತಾರೆ. ಜಗಳವನ್ನು ಸಾಲಾಗಿ ನಿಲ್ಲಿಸಿ ತಿರುಗಿಸುವ ಯಂತ್ರ.

ಇಷ್ಟೆಲ್ಲ ಆದ ಮೇಲೆ ಪಾಸ್‌ವರ್ಡ್ ಎಲ್ಲಿ ಎಂದು ಯಾರೋ ಕೇಳಿದರು. ವೆಬ್‌ಸೈಟ್ ಮಾಡಿದ ಹುಡುಗ ನೌಕರಿಗೆಂದು ಬೆಂಗಳೂರಿಗೆ ಹೋಗಿದ್ದ, ಪಾಸ್‌ವರ್ಡ್ ಅವನೊಂದಿಗೇ ಬಸ್ ಹತ್ತಿತ್ತು. ಡೊಮೇನ್ ಇದ್ದದ್ದೂ ಅವನ ಹೆಸರಲ್ಲೇ. ಮನೆ ನಮ್ಮದು, ಉತಾರ ಅವನದು!

ಸಂಜೆ ಬೇಸರಕ್ಕೆ ಗವಿಮಠದ ಕಡೆ ನಡೆದೆ. ಅಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಎರಡು ಸಾವಿರದ ಇನ್ನೂರು ವರ್ಷ ದಾಟಿದ ಪುಟ, ಇನ್ನೂ ಕೆಟ್ಟಿಲ್ಲ, ನವೀಕರಣ ಶುಲ್ಕವೂ ಇಲ್ಲ. ಇದೇ ಒಕ್ಕಣೆಯ ಇನ್ನೊಂದು ಪ್ರತಿ, ಸವೆದದ್ದಾದರೂ, ಸಮೀಪದ ಪಾಲ್ಕಿಗುಂಡಿನಲ್ಲಿದೆ. ಅಂದರೆ ಬ್ಯಾಕಪ್! ತಮಾಷೆಯೆಂದರೆ ಇಲ್ಲಿ ರಾಜನ ಹೆಸರೇ ಇಲ್ಲ, 'ದೇವಾನಾಂಪ್ರಿಯ' ಎಂಬ ಬಿರುದಷ್ಟೇ. ಅಶೋಕ ಎಂಬ ಹೆಸರು ಬೇಕಾದರೆ ಮಸ್ಕಿಯಂಥ ಕಡೆಗೆ ಹೋಗಬೇಕು. ನಮ್ಮ ಪುಟದಲ್ಲಿ ಅಧ್ಯಕ್ಷರ ಹೆಸರು ಏಳು ಸಲ ಬಂದಿತ್ತು. ಶಾಸನದ ಕೆಲವೇ ಸಾಲಿನಲ್ಲಿ ಅಶೋಕ ಹೇಳುವ ಮುಖ್ಯ ಮಾತು: ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸಾಧಿಸಬಲ್ಲರು. ನಮ್ಮಂಥ ಸಣ್ಣ ಸಂಘಕ್ಕೇ ಬರೆದಂತಿತ್ತು.

ಅಲ್ಲಿ ನಿಂತಿದ್ದಾಗಲೇ ಫೋನ್ ಬಂತು. ಹಳ್ಳಿಯ ಹೆಣ್ಣುಮಗಳು. "ಅಣ್ಣಾರ, ಹೊಲಿಗಿ ಕ್ಲಾಸ್ ಎಷ್ಟಕ್ಕ ಸುರು ಆಕ್ಕಾವರೀ? ಮಷಿನ್ ನಾವ ತರಬೇಕೇನ್ರೀ?"

ನಾಲ್ಕು ತಾಸು ಕೂತು ಚರ್ಚಿಸಿದವರಲ್ಲಿ ನನ್ನನ್ನೂ ಸೇರಿಸಿ ಒಬ್ಬರಿಗೂ ಈ ಎರಡು ಪ್ರಶ್ನೆ ಹೊಳೆದಿರಲಿಲ್ಲ.

ಬೆಂಗಳೂರಿನ ಹುಡುಗನಿಂದ ಪಾಸ್‌ವರ್ಡ್ ತರಿಸಿಕೊಂಡೆವು. ಈಗ ಮುಖಪುಟದಲ್ಲಿರುವುದು ತರಗತಿಯ ಹೊತ್ತು, ಕೋಣೆಗೆ ಬರುವ ದಾರಿ, ಒತ್ತಿದರೆ ರಿಂಗಾಗುವ ಫೋನ್ ನಂಬರ್, ಓದಲು ಬರುವ ಕನ್ನಡದಲ್ಲಿ ಜಮಾಖರ್ಚು. ಖಜಾಂಚಿ ಸ್ವಲ್ಪ ಮುನಿದಿದ್ದಾರೆ. ಅಧ್ಯಕ್ಷರ ಫೋಟೊ ಕೋಣೆಯ ಗೋಡೆಗೆ ಹೋಗಿದೆ, ಅಲ್ಲಿ ಪೇಟ ಮೀಸೆ ಎಲ್ಲ ಒಟ್ಟಿಗೇ ಕಾಣುತ್ತವೆ. ನೀವೂ ಒಂದು ಸಂಘದಲ್ಲಿದ್ದರೆ, ಬಣ್ಣದ ಮಾತು ಆಮೇಲಾಗಲಿ, ಪಾಸ್‌ವರ್ಡ್ ಯಾರ ಹತ್ತಿರ ಇದೆ ಎಂದು ಇವತ್ತೇ ಕೇಳಿಬಿಡಿ.