ಸಡಿಲ ಸುತ್ತು

ರಣಬಿಸಿಲಲ್ಲಿ ಒಬ್ಬ ಮನುಷ್ಯ ತಾನು ಬೆವರುತ್ತಾ, ಕ್ಯಾಮೆರಾಕ್ಕೆ ಕೊಡೆ ಹಿಡಿದು ಕೂತಿದ್ದರೆ ಗಾಬರಿಯಾಗಬೇಡಿ. ಅದು ನಾನೇ, ಫಿಲ್ಮ್ ರೋಲ್ ಬದಲಾಯಿಸುತ್ತಿರುತ್ತೇನೆ. "ಆ ಡಬ್ಬಿಗೆ ಹಿಡಿದಷ್ಟು ಕೊಡೆ ನನಗೆ ಯಾವತ್ತಾದರೂ ಹಿಡಿದಿದ್ದೀರಾ?" ಎನ್ನುತ್ತಾಳೆ ನನ್ನಾಕೆ. ನಿನಗೆ ಬಿಸಿಲು ತಾಗಿದರೆ ಫೋಟೊ ಹಾಳಾಗುವುದಿಲ್ಲವಲ್ಲ ಎಂಬ ಉತ್ತರ ನಾಲಿಗೆ ತುದಿಗೆ ಬಂದು, ರಾತ್ರಿಯೂಟದ ನೆನಪಾಗಿ ಒಳಗೇ ಉಳಿಯುತ್ತದೆ.

ಡಬ್ಬಿ ಎಂದರೆ ಆಗ್ಫಾ ಕ್ಲಿಕ್ ತ್ರೀ. ಬರೋಡದಲ್ಲಿ ತಯಾರಾಗಿ, ಒಂದು ಕಾಲಕ್ಕೆ ನಮ್ಮ ನಾಮಕರಣ, ಮುಂಜಿ, ಜೋಗದ ಪ್ರವಾಸಗಳನ್ನೆಲ್ಲ ಚೌಕದೊಳಗೆ ಕೂರಿಸಿದ್ದು ಇದೇ. ಇದಕ್ಕೆ ಬೇಕಾದದ್ದು 120 ರೋಲ್. ಹನ್ನೆರಡು ಚಿತ್ರಕ್ಕೆ ಮುಗಿಯುತ್ತದೆ. 1901ರಲ್ಲಿ ಕೊಡಕ್ ತನ್ನ ಬ್ರೌನಿ ಕ್ಯಾಮೆರಾಕ್ಕಾಗಿ ತಂದ ಈ ರೋಲಿಗೆ 35 ಎಂಎಂನವರಂತೆ ತಗಡಿನ ಮನೆಯಿಲ್ಲ. ಬೆನ್ನಿಗಿರುವ ಕಾಗದವೇ ಗೋಡೆ, ಅದೇ ಬಾಗಿಲು.

ಕ್ಯಾಮೆರಾದ ಬೆನ್ನಲ್ಲಿ ಬೇರೆ, ಕಾಗದದ ಮೇಲಿನ ಚಿತ್ರದ ನಂಬರು ನೋಡಲೊಂದು ಕೆಂಪು ಕಿಂಡಿ. ಹಿಂದಿನ ಫಿಲ್ಮುಗಳಿಗೆ ಕೆಂಪು ಕಾಣುತ್ತಿರಲಿಲ್ಲ, ನಡೆಯಿತು. ಈಗಿನವಕ್ಕೆ ಎಲ್ಲ ಬಣ್ಣವೂ ಕಾಣುತ್ತದೆ. ಆದ್ದರಿಂದ ಕಿಂಡಿಗೆ ಕಪ್ಪು ಟೇಪು ಅಂಟಿಸಿಕೊಂಡು, ರೋಲ್ ತಿರುಗಿಸುವಾಗ ಮಾತ್ರ ನೆರಳಲ್ಲಿ ಎತ್ತಿ ಇಣುಕಬೇಕು.

ಇಷ್ಟಾದರೂ ಬೆಳಕು ನುಗ್ಗಿತೆಂದರೆ ಜನ ಕ್ಯಾಮೆರಾವನ್ನೇ ಬಯ್ಯುತ್ತಾರೆ. ಎಷ್ಟೋ ಸಲ ತಪ್ಪು ಸುತ್ತಿನದು. ಸಡಿಲ ಸುತ್ತಿದ ಚಾಪೆಯ ಹಾಗೆ ರೋಲ್ ಉಬ್ಬಿಕೊಂಡರೆ, ಕ್ಯಾಮೆರಾದಿಂದ ಹೊರಗೆ ತೆಗೆದ ಕ್ಷಣವೇ ಬೆಳಕು ಅಂಚಿನಿಂದ ಒಳಗಿಳಿಯುತ್ತದೆ. ಹಾಕುವಾಗ ತುಂಬಿದ ಸುರುಳಿಯ ಮೇಲೆ ಹೆಬ್ಬೆರಳನ್ನು ಹಗುರವಾಗಿ ಒತ್ತಿ ಹಿಡಿದರೆ ಕಾಗದ ಬಿಗಿಯಾಗಿ ಸಾಗುತ್ತದೆ. ಮುಗಿದ ಮೇಲೆ ತುದಿ ಮಡಚಿ, ಅಂಟುಪಟ್ಟಿ ನೆಕ್ಕಿ ಅಂಟಿಸಿ, ಕತ್ತಲ ಡಬ್ಬಿಗೆ ಸೇರಿಸಿದರಾಯಿತು. ಆ ಅಂಟಿನ ರುಚಿಯ ಬಗ್ಗೆ ಮಾತು ಬೇಡ. ಕಲೆಗಾಗಿ ಇಷ್ಟು ತ್ಯಾಗ ಇರಲಿ.

ದೊಡ್ಡಪ್ಪನ ಮದುವೆಯ ಫೋಟೊದಲ್ಲಿ ಅಂಥ ಸೋರಿಕೆ ಇದೆ. ವಧೂವರರ ನೆತ್ತಿಯುದ್ದಕ್ಕೂ ಬಿಳಿ ಪಟ್ಟೆ. ದೊಡ್ಡಮ್ಮ ಅದನ್ನು ದೇವರ ಪ್ರಭೆಯೆಂದೇ ತಿಳಿದು ಗೋಡೆಗೆ ಹಾಕಿಸಿದ್ದಾರೆ. ಮೊನ್ನೆ ತಂಗಿಯ ಮಗ ಅದನ್ನು ಕಣ್ಣರಳಿಸಿ ನೋಡಿ, "ಯಾವ ಫಿಲ್ಟರ್ ಮಾವ ಇದು?" ಎಂದ. ಅವನ ಫೋನಿನಲ್ಲಿ ಇಂಥ ಪಟ್ಟೆ ಬಳಿಯುವುದಕ್ಕೆಂದೇ ಆ್ಯಪ್ ಇದೆಯಂತೆ. ನಾನು ಗಂಟಲು ಸರಿಮಾಡಿಕೊಂಡು ಕಾಗದ, ಕಿಂಡಿ, ಹೆಬ್ಬೆರಳು ಎಲ್ಲವನ್ನೂ ವಿವರಿಸಿ, "ಬಾ, ಬಿಗಿಯಾಗಿ ಸುತ್ತುವುದು ಹೇಗೆಂದು ತೋರಿಸುತ್ತೇನೆ" ಎಂದೆ.

"ಅದು ಬೇಡ ಮಾವ, ಸಡಿಲ ಸುತ್ತೋದು ಹೇಗೆ ಅಂತ ಹೇಳಿಕೊಡಿ" ಎಂದ.