ಸರ್ವವಿಷಯಕ ಪ್ರಬಂಧ

"ಚರಿತ್ರೆಗೊಂದು, ಅರ್ಥಶಾಸ್ತ್ರಕ್ಕೊಂದು, ಭೌತಶಾಸ್ತ್ರಕ್ಕೊಂದು, ಕನ್ನಡಕ್ಕೊಂದು ಎಂದು ನಾಲ್ವರು ಅಧ್ಯಾಪಕರು ನಾಲ್ಕು ಪ್ರಬಂಧಗಳನ್ನು ವಿಧಿಸಿರಲು, ನಾಲ್ಕರಲ್ಲಿಯೂ ಶಿವನಸಮುದ್ರವೊಂದೇ ಭೋರ್ಗರೆಯುತ್ತಿರುವುದೇಕಯ್ಯಾ?" ಎಂದು ಪ್ರಿನ್ಸಿಪಾಲರು ಗಂಭೀರಸ್ವರದಿಂದ ಪ್ರಶ್ನಿಸಿದರು.

"ಜ್ಞಾನವು ಅಖಂಡವೆಂದು ತಾವೇ ಅಪ್ಪಣೆ ಕೊಡಿಸಿದ್ದಿರಲ್ಲವೆ, ಗುರುಗಳೇ? 1902ರಲ್ಲಿ ಅಲ್ಲಿ ವಿದ್ಯುದಾಗಾರವು ಕಾರ್ಯಾರಂಭ ಮಾಡಿತೆಂದರೆ ಚರಿತ್ರೆ. ಆ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತೆಂದರೆ ಅರ್ಥಶಾಸ್ತ್ರ. ಧುಮುಕುವ ಜಲವು ಚಕ್ರವನ್ನು ತಿರುಗಿಸಿತೆಂದರೆ ಭೌತಶಾಸ್ತ್ರ."

"ಕನ್ನಡವೆಲ್ಲಿ?"

"ಮೊದಲಿಗೆ 'ಆಹಾ!' ಎಂಬ ಉದ್ಗಾರವೊಂದನ್ನು ಸೇರಿಸಿದ್ದೇನೆ."

"ಅಧ್ಯಾಪಕರು ಏನೆಂದರು?"

"ಚರಿತ್ರೆಯವರು ನೀರು ಹೆಚ್ಚಾಯಿತೆಂದರು, ಭೌತಶಾಸ್ತ್ರದವರು ಇಸವಿ ಹೆಚ್ಚಾಯಿತೆಂದರು, ಅರ್ಥಶಾಸ್ತ್ರದವರು ಮಿತವ್ಯಯತತ್ತ್ವವನ್ನು ಅನುಸರಿಸಿ, ಓದುವ ಶ್ರಮವನ್ನು ಉಳಿಸಿಕೊಂಡು, ಪುಟಗಳನ್ನು ಮಾತ್ರ ಎಣಿಸಿ 'ಉತ್ತಮ'ವೆಂದು ಬರೆದರು."

"ಕನ್ನಡದವರು?"

"ಹೋದ ವರ್ಷದ ವಿದ್ಯಾರ್ಥಿಯೂ ಇದೇ 'ಆಹಾ!'ದಿಂದಲೇ ಆರಂಭಿಸಿದ್ದನೆಂದು ಸ್ಮರಿಸಿ, ಪರಂಪರೆಯು ಅವಿಚ್ಛಿನ್ನವಾಗಿರುವುದಕ್ಕೆ ಆನಂದಪಟ್ಟರು."

ಪ್ರಿನ್ಸಿಪಾಲರು ಕನ್ನಡಕವನ್ನು ತೆಗೆದು ಒರೆಸಿ, ಅತ್ತಿತ್ತ ನೋಡಿ, "ಸಾಯಂಕಾಲ ಪುರಭವನದಲ್ಲಿ ನನ್ನದೊಂದು ಉಪನ್ಯಾಸವಿದೆ, ಒಂದು ಪ್ರತಿಯನ್ನು ಇಲ್ಲಿಯೇ ಇಟ್ಟು ಹೋಗು" ಎಂದರು.

"ಯಾವ ವಿಷಯದ್ದು, ಗುರುಗಳೇ?"

"ಯಾವುದಾದರೇನಯ್ಯಾ!"

ಓದದೆಯೇ ಅಂಕ ಕೊಡುವ ಗುರುಗಳಿರುವ ತನಕ, ಯೋಚಿಸದೆಯೇ ಬರೆಯುವ ಶಿಷ್ಯರಿಗೆ ಈ ನಾಡಿನಲ್ಲಿ ಕ್ಷಾಮವೆಂಬುದಿಲ್ಲ.